ಶರಾವತಿಯ ದಂಡೆಯಲ್ಲಿ ಮೂರು ದಿನ

ರಜೆ ಬಂದಿತೆಂದರೆ ಮನೆಯಲ್ಲಿ ಎರಡು ಪಕ್ಷಗಳಾಗುವುದು ವಾಡಿಕೆ. ಸಮುದ್ರವೆನ್ನುವವರು ಕೆಲವರು, ಬೆಟ್ಟವೆನ್ನುವವರು ಕೆಲವರು; ಕಡೆಗೆ ಎಲ್ಲರೂ ಮನೆಯಲ್ಲಿಯೇ ಉಳಿದು ಹಪ್ಪಳ ಕರಿದು ತಿನ್ನುವುದು. 2025ರ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಹಾಗಾಗದೆ ಹೋದುದಕ್ಕೆ ಕಾರಣ ನಮ್ಮ ಸೋದರತ್ತೆಯವರು. ಎಂಬತ್ತನ್ನು ಸಮೀಪಿಸಿರುವ ಅವರು ವೃತ್ತಪತ್ರಿಕೆಯ ಸುದ್ದಿಯೊಂದನ್ನು ಮಕ್ಕಳಿಂದ ಎರಡು ಸಲ ಓದಿಸಿಕೊಂಡು, “ಹೊಳೆಗೆ ಸೇತುವೆ ಆಯ್ತಂತೆ. ನನ್ನನ್ನೊಂದು ಸಲ ಕರಕೊಂಡು ಹೋಗ್ತೀಯೇನೋ?” ಎಂದು ಕೇಳಿದರು.

ಹೊಳೆಯೆಂದರೆ ಶರಾವತಿ. ಸಾಗರ ತಾಲ್ಲೂಕಿನ ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವೆ, ಲಿಂಗನಮಕ್ಕಿ ಜಲಾಶಯದ ಹಿನ್ನೀರಿನ ಮೇಲೆ, ಉಕ್ಕಿನ ಹಗ್ಗಗಳ ಆಧಾರದಲ್ಲಿ ನಿಂತಿರುವ ಸೇತುವೆಯು ಆ ವರ್ಷದ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಉದ್ದ ಎರಡು ಕಿಲೋಮೀಟರಿಗೂ ಮಿಕ್ಕಿದುದು. ಅದುವರೆಗೆ ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೋಗತಕ್ಕವರೂ ತುಮರಿಯ ಕಡೆಯ ಹಳ್ಳಿಗರೂ ದಡದಲ್ಲಿ ಸಾಲುನಿಂತು ಲಾಂಚಿಗಾಗಿ ಕಾಯಬೇಕಾಗಿದ್ದಿತು. ಬಸ್ಸು, ಮೋಟಾರು, ದನ, ಮನುಷ್ಯರು ಎಲ್ಲವನ್ನೂ ಆ ಲಾಂಚು ಹೊತ್ತು ದಾಟಿಸುತ್ತಿದ್ದಿತು.

ಅತ್ತೆಯವರ ಆಸೆಯ ಮೂಲವು ನಮಗೆ ಗೊತ್ತಿಲ್ಲದುದಲ್ಲ. ಅವರು ಹುಟ್ಟಿದ ಮನೆ ಆ ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಅದಕ್ಕೆ ಕೆಲವು ವರ್ಷ ಮುಂಚೆಯೇ ಊರವರು ಒಬ್ಬೊಬ್ಬರಾಗಿ ಎದ್ದುಹೋಗಿದ್ದರು. ನಮ್ಮ ತಂದೆಯವರಿಗೂ ಅದೇ ಮನೆ. ಆದರೆ ಅವರು ತಮ್ಮ ಜೀವಮಾನದಲ್ಲಿ ಅದರ ಮಾತೆತ್ತಿದವರಲ್ಲ. ನಾವೂ ಜೋಗಕ್ಕೆ ಮೂರು ಸಲ ಹೋಗಿ ಬಂದಿದ್ದೆವು. ಹಿನ್ನೀರಿನ ಕಡೆಗೆ ಒಮ್ಮೆಯೂ ತಿರುಗಿದವರಲ್ಲ.

ಹೊರಡತಕ್ಕವರಿಗೆ ಮೊದಲು ದಾರಿಯ ವಿಚಾರ. ಮೈಸೂರಿನಿಂದ ಹೊರಟು ಬೆಂಗಳೂರಿನ ಮೇಲೆ ಬಂದು ಬೆಳಗಾಗುವಾಗ ಸಾಗರ, ತಾಳಗುಪ್ಪಗಳನ್ನು ಮುಟ್ಟುವ ರಾತ್ರಿಯ ರೈಲು ವೃದ್ಧರಿಗೂ ಮಕ್ಕಳಿಗೂ ಬಹು ಅನುಕೂಲವಾದುದು. ಈಗ ಅರುವತ್ತು ದಿನ ಮುಂಚಿತವಾಗಿ ಟಿಕೀಟು ಕಾದಿರಿಸಬಹುದು. ಮುದುಕರಿಗೆ ಕೆಳಗಣ ಮಲಗುವ ಸ್ಥಳವನ್ನು ಆಗಲೇ ಕೇಳಿಕೊಳ್ಳುವುದು ಒಳ್ಳೆಯದು. ಜೋಗದಲ್ಲಿಯೇ ಇಳಿದುಕೊಳ್ಳಬೇಕೆಂಬ ಹಟ ಬೇಡ. ಸಾಗರದಲ್ಲಿ ಬೀಡುಬಿಟ್ಟರೆ ಎಲ್ಲ ಕಡೆಗೂ ಹೋಗಿ ರಾತ್ರಿ ಮರಳಬಹುದು. ಔಷಧಿಯ ಅಂಗಡಿ, ವೈದ್ಯರು, ಬಿಸಿನೀರು ಎಲ್ಲವೂ ಉಂಟು. ಹೋಟೆಲೊಂದರಲ್ಲಿ ನಮಗೆ ಕೊಟ್ಟ ಹೊದಿಕೆಗಳು ಒದ್ದೆಯಾಗಿದ್ದವೆಂಬುದನ್ನು ಇಲ್ಲಿ ಹೇಳಲೇಬೇಕು. ಅದು ಅವರ ತಪ್ಪೆಂದೂ ಹೇಳಲಾರೆವು. ಮಲೆನಾಡಿನ ಶ್ರಾವಣದಲ್ಲಿ ಒಣಗುವುದೆಂಬುದೇ ಇಲ್ಲ. ಆದುದರಿಂದ ತಲೆಗೊಂದರಂತೆ ಕಂಬಳಿ ಅಥವಾ ದಪ್ಪ ಶಾಲು, ಎರಡು ಜೊತೆ ಹೆಚ್ಚಿನ ಬಟ್ಟೆ, ಬೇಗ ಒಣಗುವ ಪಾದರಕ್ಷೆ ಇವು ಜತೆಯಲ್ಲಿರಲಿ. ಇಂಬಳದ ಕಾಟಕ್ಕೆ ಒಂದು ಚಿಟಿಕೆ ಉಪ್ಪನ್ನೋ ಸುಣ್ಣವನ್ನೋ ಚೂರು ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡರೆ ಸಾಕು. ಕೈಯಿಂದ ಕಿತ್ತೆಳೆಯಬಾರದು.

ಮೊದಲನೆಯ ದಿನವನ್ನು ಇಕ್ಕೇರಿ, ಕೆಳದಿಗಳಿಗೆ ಕೊಟ್ಟೆವು. ಎರಡೂ ಸಾಗರಕ್ಕೆ ಹತ್ತಿರ. ಇಕ್ಕೇರಿಯ ಅಘೋರೇಶ್ವರನ ಮುಂದೆ ಮಂಟಪದೊಳಗೆ ಕುಳಿತಿರುವ ನಂದಿಯನ್ನು ನೋಡಿದ ಮೇಲೆ ಮಕ್ಕಳಿಗೆ ಬೇರೆ ಏನೂ ಬೇಕಾಗಲಿಲ್ಲ. ಕೆಳದಿಯ ರಾಮೇಶ್ವರ ದೇವಾಲಯದಲ್ಲಿ ಕತ್ತೆತ್ತಿ ಮೇಲ್ಛಾವಣಿಯ ಗಂಡಭೇರುಂಡವನ್ನು ನೋಡುವುದನ್ನು ಮರೆಯಬಾರದು. ಶಿವಾಜಿಯ ಮಗ ರಾಜಾರಾಮನಿಗೆ ಮೊಗಲರ ಭಯವನ್ನು ಲೆಕ್ಕಿಸದೆ ಆಶ್ರಯವಿತ್ತ ಚೆನ್ನಮ್ಮನ ಮನೆತನವು ತಲೆಯೆತ್ತಿದ ಊರಿದು. ಸಂಜೆ ಸಾಗರದಲ್ಲಿ ಗುಡಿಗಾರರ ಗಂಧದ ಕೆತ್ತನೆಗಳನ್ನು ನೋಡಿದೆವು. ಕೊಳ್ಳುವ ಶಕ್ತಿ ಇಲ್ಲದವರಿಗೂ ನೋಡಲು ಅಡ್ಡಿಯಿಲ್ಲ.

ಮರುದಿನ ಜೋಗ. ಸಾಗರದಿಂದ ಸುಮಾರು ಮೂವತ್ತು ಕಿಲೋಮೀಟರು. ಹೋಗುವ ಮುನ್ನ ಅಲ್ಲಿ ಪ್ರವೇಶವಿದೆಯೇ ಎಂದು ವಿಚಾರಿಸಿಕೊಳ್ಳತಕ್ಕುದು. ಈಚಿನ ವರ್ಷಗಳಲ್ಲಿ ಕಟ್ಟಡದ ಕೆಲಸಗಳಿಗಾಗಿ ಬಾಗಿಲು ಮುಚ್ಚಿದ್ದುಂಟು. ನಾವು ಮುಟ್ಟಿದಾಗ ಎದುರಿಗೆ ಕಂಡುದು ಬಿಳಿಯ ಮಂಜು ಮಾತ್ರ. ನೀರಿನ ಮೊರೆತ ಕೇಳಿಸುತ್ತಿದೆ, ನೀರು ಕಾಣಿಸುತ್ತಿಲ್ಲ. ನಮ್ಮಂತೆಯೇ ಬಂದ ಎಷ್ಟೋ ಮಂದಿ ಹತ್ತು ನಿಮಿಷ ನಿಂತು, ಮಂಜಿನ ಮುಂದೆಯೇ ಭಾವಚಿತ್ರ ತೆಗೆಸಿಕೊಂಡು ಮೋಟಾರು ಹತ್ತಿದರು. ನಾವೂ ಹಾಗೆಯೇ ಮಾಡುತ್ತಿದ್ದೆವೋ ಏನೋ. ಅತ್ತೆಯವರು ಕಲ್ಲುಬೆಂಚಿನ ಮೇಲೆ ಕೊಡೆ ಬಿಚ್ಚಿ ಕುಳಿತು, “ಮಂಜು ಕೂತ್ಕೊಳ್ಳೋದಕ್ಕೆ ಬರೋದಿಲ್ಲ ಮಾರಾಯ, ಹೋಗೋದಕ್ಕೇ ಬರೋದು” ಎಂದರು. ಎರಡು ಗಂಟೆಯ ಮೇಲೆ ಗಾಳಿ ತಿರುಗಿತು. ಪರದೆ ಸರಿದಂತೆ ಮೊದಲು ರಾಜಾ, ಆಮೇಲೆ ರೋರರ್, ರಾಕೆಟ್, ಕಡೆಗೆ ರಾಣಿ, ನಾಲ್ಕೂ 830 ಅಡಿಯ ಪ್ರಪಾತಕ್ಕೆ ಬೀಳುವುದು ಕಂಡಿತು. ಕಾಲುಗಂಟೆಯಷ್ಟೆ, ಮತ್ತೆ ಮಂಜು ಮುಚ್ಚಿತು. ಅದಕ್ಕೆ ಅರ್ಧ ದಿನವನ್ನು ಕೊಟ್ಟುದಕ್ಕಾಗಿ ನಾವು ಪಶ್ಚಾತ್ತಾಪಪಡಲಿಲ್ಲ. ಬುತ್ತಿಯನ್ನು ಕಟ್ಟಿಕೊಂಡು ಹೋಗಿದ್ದರೆ ಮಕ್ಕಳೂ ಪಡುತ್ತಿರಲಿಲ್ಲ.

ಜೋಗದ ನೀರಿನ ಹಂಚಿಕೆಯನ್ನು ತಿಳಿದಿದ್ದರೆ ನಿರಾಶೆ ತಪ್ಪುವುದು. ಲಿಂಗನಮಕ್ಕಿಯಲ್ಲಿ ನಿಲ್ಲಿಸಿದ ನೀರು ತಳಕಳಲೆಯ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಇಳಿದು ಹತ್ತು ಯಂತ್ರಗಳನ್ನು ತಿರುಗಿಸಿ 1035 ಮೆಗಾವಾಟ್ ವಿದ್ಯುತ್ತನ್ನು ಕೊಡಬಲ್ಲುದು. ಹೀಗೆ ನದಿಯ ಬಹುಪಾಲು ನೀರು ಜಲಪಾತವನ್ನು ಬಳಸಿ ಹೋಗುತ್ತದೆ. ಆದುದರಿಂದ ಬೇಸಗೆಯ ರಜೆಯಲ್ಲಿ ಬಂದವರು ಬರಿಯ ಬಂಡೆಯನ್ನೂ ಅದರ ಮೇಲಣ ನಾಲ್ಕು ಬೆಳ್ಳಿಯ ಎಳೆಗಳನ್ನೂ ನೋಡಿ ಹಿಂದಿರುಗುವರು. ಜುಲೈಯಿಂದ ಸೆಪ್ಟೆಂಬರಿನವರೆಗೆ ತಕ್ಕ ಕಾಲ. ಕೆಳಗಿಳಿಯುವ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಆಗ ಮುಚ್ಚಿರುತ್ತಾರೆ. ಜಾರುಗಲ್ಲಿನ ಮೇಲೆ ಬೇಲಿ ದಾಟುವ ಸಾಹಸವನ್ನು ಯಾರೂ ಮಾಡದಿರಲಿ. ಬದಲಾಗಿ ಎದುರು ದಡದ ಹಳೆಯ ಮುಂಬಯಿ ಪ್ರಾಂತದ ಬಂಗಲೆಯ ಕಡೆಗೆ ಹೋದರೆ ನೀರು ಬೀಳುವ ತಲೆಯ ಭಾಗವನ್ನು ಹತ್ತಿರದಿಂದ ನೋಡಬಹುದು.

ಆ ರಾತ್ರಿ ಅತ್ತೆಯವರು ಊಟ ಮಾಡುತ್ತ ಹೇಳಿದ ಒಂದು ಮಾತು ನಮ್ಮನ್ನು ಮಲಗಗೊಡಲಿಲ್ಲ. ಊರು ಬಿಟ್ಟು ಬಂದು ಗುಡ್ಡದ ಮೇಲೆ ಹೊಸ ಮನೆ ಹಾಕಿಕೊಂಡ ಮೇಲೆ ಹದಿನೇಳು ವರ್ಷ ಅವರ ತಂದೆಯ ಮನೆಯಲ್ಲಿ ಸೀಮೆಎಣ್ಣೆಯ ಬುಡ್ಡಿಯೇ ಉರಿಯಿತಂತೆ. ಕರೆಂಟಿನ ತಂತಿಗಳು ಅವರ ಗದ್ದೆಯ ಮೇಲೆಯೇ ಹಾದು ಬೇರೆಲ್ಲಿಗೋ ಹೋಗುತ್ತಿದ್ದವಂತೆ. ಇದನ್ನು ಅವರು ದೂರುವ ಧ್ವನಿಯಲ್ಲಿ ಹೇಳಲಿಲ್ಲ; ಸಾರಿಗೆ ಉಪ್ಪು ಸಾಲದೆಂದು ಹೇಳುವಂತೆ ಹೇಳಿದರು. ಮುಳುಗಡೆಯಾದ ಸಾವಿರಾರು ಕುಟುಂಬಗಳಲ್ಲಿ ಎಷ್ಟೋ ಕುಟುಂಬಗಳ ಜಮೀನಿನ ಹಕ್ಕುಪತ್ರದ ತೊಡಕು ಅರುವತ್ತು ವರ್ಷ ಕಳೆದರೂ ಬಿಡಿಸಲ್ಪಟ್ಟಿಲ್ಲ. ಆ ಸೀಮೆಗೆ ಹೋಗುವವರು ಸಾಗರದಲ್ಲಿಯೇ ಬಾಳಿದ ನಾ. ಡಿಸೋಜರ ‘ಮುಳುಗಡೆ’ ಕಾದಂಬರಿಯನ್ನು ಚೀಲದಲ್ಲಿಟ್ಟುಕೊಂಡರೆ ರೈಲಿನಲ್ಲಿ ಹೊತ್ತು ಹೋಗುವುದಲ್ಲದೆ ಕಣ್ಣಿಗೆ ಕಾಣುವ ನೀರಿನ ಅರ್ಥವೂ ಬೇರೆಯಾಗುವುದು.

ಮೂರನೆಯ ದಿನ ಅಂಬಾರಗೋಡ್ಲಿಗೆ ಹೋದೆವು. ಮಳೆ ನಿಂತಿದ್ದಿತು. ಸೇತುವೆ ಎಲ್ಲರೂ ಹೇಳಿದಷ್ಟೇ ಚೆನ್ನಾಗಿತ್ತು. ಮೋಟಾರು ಒಂದು ತುದಿಯಿಂದ ಮತ್ತೊಂದು ತುದಿಗೆ ಹೋಗಲು ಎರಡು ಮೂರು ನಿಮಿಷಗಳಷ್ಟೆ ಹಿಡಿದುವು. ಮಕ್ಕಳು ಹಿಗ್ಗಿದರು. ಅತ್ತೆಯವರ ಮುಖ ಮಾತ್ರ ಸಪ್ಪಗಾಯಿತು. ಕೇಳಿದರೆ, “ಲಾಂಚಿನಲ್ಲಾದರೆ ಇಷ್ಟು ಹೊತ್ತಾದರೂ ನೀರಿನ ಮೇಲೆ ಇರಬಹುದಿತ್ತು. ಯಾವ ಕಡೆ ನಮ್ಮನೆ ಅಂತ ನೋಡೋಷ್ಟರಲ್ಲಿ ದಡ ಬಂತಲ್ಲ” ಎಂದರು. ನಮ್ಮಲ್ಲಿ ಯಾರಿಗೂ ಅದು ತೋಚಿರಲಿಲ್ಲ. ಸೇತುವೆಯ ಮಾತೆತ್ತಿ ಹೊರಟವರು ಅವರೇ. ಅವರು ನೋಡಬೇಕೆಂದುದು ಸೇತುವೆಯನ್ನಲ್ಲ.

ಆಚೆ ದಡದಲ್ಲಿ ಚಹಾ ಕುಡಿಯಲು ನಿಂತೆವು. ಅಂಗಡಿಯಾತನಿಗೂ ಅತ್ತೆಯವರಿಗೂ ಮಾತು ಹತ್ತಿತು; ಯಾವ ಊರು, ಯಾರ ಮನೆ ಎಂಬಲ್ಲಿಂದ ಮೊದಲಾಗಿ ಇಬ್ಬರಿಗೂ ಗೊತ್ತಿದ್ದ ಒಂದು ಮಾವಿನ ಮರದವರೆಗೆ ಹೋಯಿತು. ಲಾಂಚಿಲ್ಲದೆ ಬೇಸರವಾಗುವುದಿಲ್ಲವೇ ಎಂದು ನಾವು ಪಟ್ಟಣದವರ ಬುದ್ಧಿಯಿಂದ ಕೇಳಿದೆವು. ಆತ ಲೋಟ ತೊಳೆಯುತ್ತಲೇ, “ರಾತ್ರಿ ಲಾಂಚು ಇರ್ತಿರಲಿಲ್ಲ ಸ್ವಾಮಿ. ಹೆರಿಗೆ ನೋವು ಹಗಲು ನೋಡ್ಕೊಂಡು ಬರುತ್ತಾ?” ಎಂದನು. ಹಾಗೆ ತಡವಾಗಿ ತನ್ನ ಅತ್ತಿಗೆಯನ್ನು ಕಳೆದುಕೊಂಡ ಸಂಗತಿಯನ್ನು ಎರಡೇ ಮಾತಿನಲ್ಲಿ ಹೇಳಿದನು. ಬೇಸಗೆಯಲ್ಲಿ ನೀರು ಇಳಿದಾಗ ವಾಹನಗಳನ್ನು ಹತ್ತಿಸದೆ ಲಾಂಚು ಬರಿಯ ಜನರನ್ನು ದಾಟಿಸಿದ ದಿನಗಳೂ ಇದ್ದವು. ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಸೇತುವೆ ಆದದ್ದು ಒಳ್ಳೆಯದೇ ಆಯ್ತು” ಎಂದು ಆತನಿಗೆ ಹೇಳಿ, ಮಕ್ಕಳಿಗೆಂದು ತಂದಿದ್ದ ತೊಡದೇವಿನ ಪೊಟ್ಟಣವನ್ನು ಅವನ ಮಗಳ ಕೈಗೆ ಕೊಟ್ಟರು.

ದೇವಿಯ ದರ್ಶನವಾದ ಮೇಲೆ ಹಿಂದಿರುಗುವಾಗ ಮೋಟಾರನ್ನು ಸೇತುವೆಯ ಈಚೆಗೆ ನಿಲ್ಲಿಸಿ ನೀರಿನ ಅಂಚಿಗೆ ನಡೆದೆವು. ಸೇತುವೆಯ ಮೇಲೆ ವಾಹನ ನಿಲ್ಲಿಸಿ ಭಾವಚಿತ್ರ ತೆಗೆಯುವವರನ್ನು ಕಂಡೆವು. ಅದು ಅಪಾಯ, ಹಿಂದಿನವರಿಗೆ ತೊಂದರೆ. ದಡದಿಂದ ನೋಡಿದರೆ ನೋಟ ಇನ್ನೂ ವಿಶಾಲ. ಅಲ್ಲಿ ಅತ್ತೆಯವರಿಗೆ ಬೇಕಾದಷ್ಟು ಹೊತ್ತು ಕೊಟ್ಟೆವು. ಅವರು ಕೈಯೆತ್ತಿ ಒಂದು ಕಡೆ ತೋರಿಸಿ, ಸ್ವಲ್ಪ ಎಡಕ್ಕೆ ಸರಿಸಿ, ಮತ್ತೆ ಇಳಿಸಿಬಿಟ್ಟರು.

ಮಳೆ ಕಡಮೆಯಾದ ವರ್ಷಗಳಲ್ಲಿ, ಬೇಸಗೆಯ ಕೊನೆಗೆ, ಜಲಾಶಯ ಬತ್ತಿದಾಗ 1940ರ ದಶಕದಲ್ಲಿ ಕಟ್ಟಿ 1964ರಲ್ಲಿ ಮುಳುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುವುದುಂಟು. ಹಳೆಯ ರಸ್ತೆಗಳೂ ಮರದ ಬೊಡ್ಡೆಗಳೂ ಕಾಣಿಸಿಕೊಳ್ಳುವುವು. ಅದನ್ನು ನೋಡಬಯಸುವವರು ಮೇ ತಿಂಗಳಲ್ಲಿ ನೀರಿನ ಮಟ್ಟವನ್ನು ವೃತ್ತಪತ್ರಿಕೆಯಲ್ಲಿ ನೋಡಿಕೊಂಡು, ಸ್ಥಳದವರೊಬ್ಬರನ್ನು ಜತೆಗೆ ಕರೆದುಕೊಂಡೇ ಹೊರಡಬೇಕು. ಒಣಗಿದಂತೆ ಕಾಣುವ ಕೆಸರು ಬಲು ಮೋಸಗಾರ. ನೆರಳಿಲ್ಲ, ಕುಡಿಯುವ ನೀರಿಲ್ಲ, ಎರಡನ್ನೂ ಒಯ್ಯಬೇಕು. ಅತ್ತೆಯವರು ರೈಲಿನಲ್ಲಿಯೇ ನಮ್ಮಿಂದ ಮಾತು ತೆಗೆದುಕೊಂಡಿದ್ದಾರೆ. ಜಲಾಶಯದ ಮಟ್ಟವನ್ನು ಪ್ರತಿದಿನ ಅವರಿಗೆ ಓದಿ ಹೇಳುವ ಕೆಲಸ ಈಗ ಮಕ್ಕಳದು. ಅದು ತುಂಬಿದಾಗ 1819 ಅಡಿ.