ಛರೆಗೂ ಒಂದು ವಿಮೆ

ಕವಣೆ ಬೀಸಿ ಜೋಳದ ಹೊಲದ ಹಕ್ಕಿ ಓಡಿಸಿದ ಮನೆತನ ನಮ್ಮದು. ಧಾರವಾಡದ ಕಡೆಯ ನಮ್ಮ ಹಿರಿಯರು, ಕಲ್ಲು ಯಾರಿಗಾದರೂ ತಾಗಿದರೆ ತಾವೇ ಅವರ ಮನೆಗೆ ಹೋಗಿ ಕೈಮುಗಿದು ಬರುತ್ತಿದ್ದರು. ಪುಣೆಗೆ ಬಂದು ಸರ್ಕಾರಿ ಗುಮಾಸ್ತಿಕೆ ಹಿಡಿದ ನಮಗಾದರೋ ಕಾಗದವಿಲ್ಲದೆ ಯಾವ ಕೆಲಸವೂ ನಡೆಯದು. ಆದರೂ ಒಂದು ಕಾಗದವನ್ನು ಓದದೆಯೇ ಸಹಿ ಹಾಕಿದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚಿನ ಪದಕ ಗೆದ್ದದ್ದೇ ತಡ, ನಮ್ಮ ಹದಿಮೂರು ವರ್ಷದ ಚಿರಂಜೀವಿಯೂ ಪಿಸ್ತೂಲು ಹಿಡಿಯುವೆನೆಂದು ಹಠ ಹೂಡಿದ. ಸೋತು ಒಂದು ಗುರಿಗಾರರ ಸಂಘಕ್ಕೆ ಸೇರಿಸಿದೆವು. ಹತ್ತು ಮೀಟರ್ ದೂರದಲ್ಲಿ ಕಾಗದದ ಗುರಿ, ಹಾರುವುದು 4.5 ಮಿಲಿಮೀಟರಿನ ಸೀಸದ ಛರೆ. ಹತ್ತು ಅಂಕದ ವೃತ್ತವೆಂದರೆ ಅಂಗಿಯ ಗುಂಡಿಯಷ್ಟು. ಅರ್ಜಿಯ ಕೆಳಗೆ 'ಸದಸ್ಯತ್ವದೊಡನೆ ವಿಮೆ ಉಂಟು' ಎಂದಿತ್ತು. ತರಕಾರಿಯ ಜೊತೆ ಕರಿಬೇವು ಪುಕ್ಕಟೆ ಸಿಕ್ಕಂತೆ ಹಿಗ್ಗಿದೆವು.

ಮಳೆಗಾಲದ ಒಂದು ಭಾನುವಾರ ಮಗ ಹೊಡೆದ ಛರೆ ಗುರಿಯ ಚೌಕಟ್ಟಿನ ಕಬ್ಬಿಣಕ್ಕೆ ತಾಗಿ ಹಿಂದಕ್ಕೆ ಸಿಡಿಯಿತು. ಪಕ್ಕದ ಹುಡುಗ ಬೆವರು ಒರೆಸಲು ಕನ್ನಡಕ ತೆಗೆದಿದ್ದ. ಕಣ್ಣಿನಿಂದ ಒಂದು ಬೆರಳು ಕೆಳಗೆ ಕೆನ್ನೆ ಸೀಳಿ, ಎರಡು ಹೊಲಿಗೆ ಬಿದ್ದವು. ಅವನ ತಂದೆ ಬೈಯಲಿಲ್ಲ. "ಇನ್ನೊಂದು ಬೆರಳು ಮೇಲೆ ತಾಗಿದ್ದರೆ?" ಎಂದು ಮೆಲ್ಲಗೆ ಕೇಳಿದರು. ನಮ್ಮ ಬಾಯಿಂದ ಮಾತು ಹೊರಡಲಿಲ್ಲ.

ಆಸ್ಪತ್ರೆಯ ಖರ್ಚನ್ನು ನಾವೇ ಕೊಟ್ಟೆವು. ರಾತ್ರಿ ಆ ಕಾಗದ ಹುಡುಕಿ ತೆಗೆದದ್ದು ನಮ್ಮ ಮನೆಯಾಕೆ. "ಏನ್ರೀ, ನಮ್ಮ ಹುಡುಗಗ ಪೆಟ್ಟಾದರ ರೊಕ್ಕ ಕೊಡ್ತೀವಿ ಅಂತ ಬರದಾರ. ನಮ್ಮ ಹುಡುಗನಿಂದ ಬ್ಯಾರೇದವರಿಗೆ ಪೆಟ್ಟಾದರ?"

ದಿನವಿಡೀ ಕಡತಗಳಲ್ಲಿ ತಪ್ಪು ಹುಡುಕುವ ನಮಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ. ಸ್ಕೂಟರಿಗೆ ವರ್ಷ ವರ್ಷ ಮಾಡಿಸುವ ವಿಮೆಯಲ್ಲಿ ಎರಡು ಭಾಗಗಳಿರುವುದು ಎಲ್ಲರಿಗೂ ಗೊತ್ತು: ನಮ್ಮ ನಷ್ಟದ್ದೊಂದು, ನಮ್ಮಿಂದ ಮೂರನೆಯವರಿಗಾಗುವ ನಷ್ಟದ್ದೊಂದು. ಕಾಯಿದೆ ಕಡ್ಡಾಯ ಮಾಡಿರುವುದು ಎರಡನೆಯದನ್ನು. ಗುರಿಗಾರಿಕೆಯಲ್ಲೂ ಹಾಗೆಯೇ. ಅಪಘಾತ ವಿಮೆ ಬೇರೆ, ಹೊಣೆಯ ವಿಮೆ ಬೇರೆ. ಸಂಘ ಎರಡನ್ನೂ ಮಾಡಿಸಿತ್ತು ನಿಜ. ಆದರೆ ಹೊಣೆಯ ವಿಮೆಯಲ್ಲಿ ಇದ್ದದ್ದು ಸಂಘದ ಹೆಸರು ಮಾತ್ರ. ಸಾಲದ್ದಕ್ಕೆ ಒಬ್ಬ ಸದಸ್ಯನಿಂದ ಇನ್ನೊಬ್ಬ ಸದಸ್ಯನಿಗಾದ ಗಾಯ ಅದರ ಲೆಕ್ಕದಲ್ಲೇ ಇರಲಿಲ್ಲ. ಗುರಿಯ ಸಾಲಿನಲ್ಲಿ ಪಕ್ಕಕ್ಕೆ ನಿಲ್ಲುವವನು ಸದಸ್ಯನಲ್ಲದೆ ಮತ್ತಾರು?

ವಾರ್ಷಿಕ ಸಭೆಯಲ್ಲಿ, ಕಚೇರಿಯಲ್ಲಿ ಎಂದೂ ಬಾಯಿ ತೆರೆಯದ ನಾವು ಎದ್ದು ನಿಂತೆವು. ಚಂದಾ ಏರುತ್ತದೆಂದು ಕೆಲವರು ಗೊಣಗಿದರು. ಹಿರಿಯ ಸದಸ್ಯರೊಬ್ಬರು, ಬ್ರಿಟನ್ನಿನ ದೊಡ್ಡ ಗುರಿಗಾರರ ಸಂಘಗಳಲ್ಲಿ ಸದಸ್ಯತ್ವದ ಜೊತೆಗೇ ಪ್ರತಿ ಸದಸ್ಯನಿಗೂ ಹೊಣೆಯ ವಿಮೆ ಬರುತ್ತದೆಂದು ಹೇಳಿದರು. ಕೆನ್ನೆಗೆ ಹೊಲಿಗೆ ಬಿದ್ದ ಹುಡುಗನ ತಂದೆಯೇ ನಮ್ಮ ಮಾತನ್ನು ಅನುಮೋದಿಸಿದರು. ಆಮೇಲೆ ಗೊಣಗಾಟ ನಿಂತಿತು. ಸದಸ್ಯರನ್ನೂ ಸೇರಿಸಿ ವಿಮೆ ಹೊಸದಾಯಿತು. ಕಂತನ್ನು ಎಲ್ಲರೂ ಹಂಚಿಕೊಂಡಾಗ ತಲೆಗೆ ಹೆಚ್ಚೇನೂ ಬೀಳಲಿಲ್ಲ.

ನಾವು ಕಲಿತ ಪಾಠ ಇಷ್ಟು. ಸಂಘದ ಮೂಲಕ ವಿಮೆ ಅಗ್ಗ, ಆದರೆ ಪಾಲಿಸಿ ಇರುವುದು ಸಂಘದ ಹೆಸರಿನಲ್ಲಿ. ನಮ್ಮ ಹೆಸರಿನ ಪ್ರಮಾಣಪತ್ರ ಕೇಳಿ ಪಡೆಯಬೇಕು. ಮಕ್ಕಳು ಸೇರಿದ್ದಾರೆಯೇ, ಬೇರೆ ಊರಿನ ಪಂದ್ಯಕ್ಕೂ ಅನ್ವಯವೇ, ಒಂದು ಅವಘಡಕ್ಕೆ ಎಷ್ಟರವರೆಗೆ ಕೊಡುತ್ತಾರೆ, ಚಂದಾ ತಪ್ಪಿದರೆ ರಕ್ಷಣೆ ಎಂದು ನಿಲ್ಲುತ್ತದೆ ಎಂಬುದನ್ನು ಮೊದಲೇ ನೋಡಬೇಕು.

ಆದರೆ ಯಾವ ವಿಮೆಯೂ ಕಣ್ಣು ಕೊಡಲಾರದು. ಗಾಯವಾದ ಮರುದಿನವೇ ನಾವು ಮೂವರೂ ಧಾರವಾಡದ ಪೇಡೆ ಕಟ್ಟಿಸಿಕೊಂಡು ಆ ಹುಡುಗನ ಮನೆಗೆ ಹೋಗಿ ಕೈಮುಗಿದು ಬಂದಿದ್ದೆವು. ಈಗ ನಮ್ಮವನು ಛರೆ ತುಂಬುವ ಮೊದಲು ಪಕ್ಕದವನ ಕನ್ನಡಕ ನೋಡುತ್ತಾನೆ.

ನಿಮ್ಮ ಮಕ್ಕಳೂ ಈಜಿಗೋ ಕುಸ್ತಿಗೋ ಯಾವುದಾದರೂ ಸಂಘಕ್ಕೆ ಸೇರಿರಬಹುದು. ಬರುವ ಭಾನುವಾರ ಆ ಕಾಗದವನ್ನೊಮ್ಮೆ ತೆಗೆದು ಓದಿರಿ. ಮನೆಯಾಕೆಯ ಕೈಗೂ ಕೊಡಿರಿ.