ಐದನೇ ನಂಬರಿನ ಸಾಲು

ಆಗುಂಬೆಯ ಮಳೆ ನಮ್ಮೂರಿಗೂ ಇಳಿಯಿತೆಂದರೆ ಕರೆಂಟನ್ನು ಯಾರೂ ನಂಬುವುದಿಲ್ಲ. 2018ರ ಜುಲೈ ತಿಂಗಳ ಆ ರಾತ್ರಿಯೂ ಹಾಗೇ ಆಯಿತು. ಬೆಂಗಳೂರಿನಿಂದ ಹೊತ್ತು ತಂದಿದ್ದ ಹಳೆಯ ಕಂಪ್ಯೂಟರನ್ನು ಮನೆಯ ಟೀವಿಗೆ ಜೋಡಿಸಿ, ಅಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಮೂರು ಸಾಲು ಟೈಪ್ ಮಾಡಿ ಇನ್ನೇನು ‘ರನ್’ ಎನ್ನಬೇಕು, ಅಷ್ಟರಲ್ಲಿ ಮನೆಯೆಲ್ಲ ಕತ್ತಲು.

"ಅಯ್ಯೋ ಮಾವ, ಬರೆದದ್ದೆಲ್ಲ ಹೋಯ್ತಾ?" ಎಂದಳು ತಂಗಿಯ ಮಗಳು.

"ಹೋಗಿಲ್ಲ ಪುಟ್ಟಿ. ಬಾ, ಬಚ್ಚಲೊಲೆ ಹತ್ತಿರ ಕೂರೋಣ. ಯಾಕೆ ಹೋಗಿಲ್ಲ ಅಂತ ಹೇಳ್ತೀನಿ."

ಕರೆಂಟು ಬರುವ ತನಕ, ಒಲೆಗೆ ಅಡಿಕೆಸಿಪ್ಪೆ ಒಡ್ಡುತ್ತ ಅವಳಿಗೆ ಹೇಳಿದ ಕತೆ ಇದು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದದ್ದು 1986ರಲ್ಲಿ. ಅದಕ್ಕೆ ಒಂದೆರಡು ವರ್ಷ ಮೊದಲು, 1984-85ರಲ್ಲಿ, ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸಲು ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ಶುರುಮಾಡಿತ್ತು. ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರನ್ನು ತರಿಸಿ ದೇಶದ ಆಯ್ದ ಶಾಲೆಗಳಿಗೆ ಹಂಚಿದರು. ಹಾಗೆ ಬಂದವು ನಮ್ಮ ಹೈಸ್ಕೂಲಿಗೂ ತಲುಪಿದವು. ಅವುಗಳಿಗೆಂದೇ ಒಂದು ಕೋಣೆ, ಕಿಟಕಿಗೆ ಪರದೆ, ಬಾಗಿಲಿಗೆ ಬೀಗ. ದೇವರ ಮನೆಗೆ ಹೋಗುವಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆವು. ಒಂದೊಂದರ ಮುಂದೆ ನಾಲ್ಕೈದು ಹುಡುಗರು. ಒಬ್ಬರ ಸರದಿ ಐದು ನಿಮಿಷ.

ಇಂಗ್ಲೆಂಡಿನಲ್ಲಿ ಅದು ಹುಟ್ಟಿದ್ದೇ ಕಲಿಸುವುದಕ್ಕಾಗಿ. ಕಂಪ್ಯೂಟರ್ ಎಂದರೇನೆಂದು ಜನಸಾಮಾನ್ಯರಿಗೆ ತಿಳಿಸಲು ಬಿಬಿಸಿ 1982ರ ಜನವರಿಯಲ್ಲಿ ಒಂದು ಟೀವಿ ಸರಣಿ ಆರಂಭಿಸಿತು. ನೋಡಿದವರು ಮನೆಯಲ್ಲೇ ಮಾಡಿ ಕಲಿಯಲಿ ಎಂದು ಅದರ ಜೊತೆಗೊಂದು ಕಂಪ್ಯೂಟರೂ ಬೇಕಾಗಿತ್ತು. ಕೇಂಬ್ರಿಡ್ಜಿನ ಏಕಾರ್ನ್ ಎಂಬ ಚಿಕ್ಕ ಕಂಪನಿ ಅದನ್ನು ಮಾಡಿಕೊಟ್ಟಿತು. ಒಳಗೆ 6502 ಎಂಬ ಪ್ರೊಸೆಸರ್, ಸೆಕೆಂಡಿಗೆ 20 ಲಕ್ಷ ಮಿಡಿತದ ವೇಗ, 32 ಕೆಬಿ ಮೆಮೊರಿ. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅಷ್ಟರಲ್ಲಿ ಹಿಡಿಸುವುದಿಲ್ಲ. ನಮಗೆ ಆಗ ಅದೇ ಸಮುದ್ರ.

ನಮ್ಮ ಗಣಿತದ ಮೇಷ್ಟ್ರಿಗೆ ಅದರ ಜವಾಬ್ದಾರಿ. ಜಾನ್ ಕಾಲ್ ಬರೆದ ದಪ್ಪನೆಯ ಯೂಸರ್ ಗೈಡನ್ನು ಅವರು ರಾತ್ರಿ ಮನೆಗೆ ಒಯ್ದು ಓದಿ, ಬೆಳಿಗ್ಗೆ ನಮಗೆ ಹೇಳಿಕೊಡುತ್ತಿದ್ದರು. ಒಂದು ದಿನ ಬೋರ್ಡಿನ ಮೇಲೆ ಎಂಟು ಮನೆ ಅಡ್ಡ, ಎಂಟು ಮನೆ ಉದ್ದದ ಚೌಕ ಬರೆದು, "ಇದರೊಳಗೆ ನೀವು ಯಾವ ಅಕ್ಷರ ಬರೆದರೂ ಕಂಪ್ಯೂಟರ್ ಕಲಿಯುತ್ತೆ ಕಣ್ರೋ. ಇಂಗ್ಲಿಷೇ ಆಗಬೇಕು ಅಂತಿಲ್ಲ" ಎಂದರು. ಆ ಮಾತಿಗೆ ನನ್ನ ಮೈ ಜುಮ್ಮೆಂದಿತು. ಅಲ್ಲಿಯವರೆಗೆ ಆ ಪರದೆಯ ಮೇಲೆ ನಾನು ಕನ್ನಡ ಕಂಡಿರಲಿಲ್ಲ.

ಪ್ರತಿ ಸಾಲಿನಲ್ಲಿ ಎಂಟು ಚುಕ್ಕಿ. ಎಡತುದಿಯ ಚುಕ್ಕಿಗೆ 128, ಅದರ ಪಕ್ಕದ್ದಕ್ಕೆ 64, ಆಮೇಲೆ 32, 16, 8, 4, 2, ಕೊನೆಯದಕ್ಕೆ 1. ತುಂಬಿದ ಚುಕ್ಕಿಗಳ ಬೆಲೆ ಕೂಡಿಸಿದರೆ ಒಂದು ಸಾಲಿಗೆ ಒಂದು ಸಂಖ್ಯೆ. ಎಂಟು ಸಾಲಿಗೆ ಎಂಟು ಸಂಖ್ಯೆ ಕೊಟ್ಟರೆ ಒಂದು ಅಕ್ಷರ. ಒಂದು ಗುಂಡು, ಒಂದು ತಲೆಕಟ್ಟು, ಅಷ್ಟೇ ತಾನೆ ಎಂದು ನಾನು ‘ರ’ ಆರಿಸಿಕೊಂಡೆ. ಮನೆಗೆ ಬಂದು ಕೂತರೆ ಎಷ್ಟು ಸಲ ಬರೆದರೂ ಅದು ಮುಚ್ಚಳ ಇಟ್ಟ ತಪ್ಪಲೆಯಂತೆ ಕಾಣುತ್ತಿತ್ತು.

ಅಮ್ಮ ನೋಡಿದಳು. ಏನು ಎತ್ತ ಎಂದು ಕೇಳಲಿಲ್ಲ. ರಂಗೋಲಿ ಬಟ್ಟಲು ತಂದು ಜಗಲಿಯ ಮೇಲೆ ಎಂಟು ಸಾಲು, ಸಾಲಿಗೆ ಎಂಟರಂತೆ ಚುಕ್ಕಿ ಇಟ್ಟಳು. ಯಾವುದನ್ನು ತುಂಬಬೇಕು, ಯಾವುದನ್ನು ಬಿಡಬೇಕು ಎಂದು ಬೆರಳಿನಿಂದಲೇ ತೋರಿಸಿದಳು. "ತಲೆಕಟ್ಟಿನ ತುದಿ ಮೇಲಕ್ಕೆ ಏಳಬೇಕು ಮಗಾ. ಅದು ಮಲಗಿದರೆ ಅಕ್ಷರಕ್ಕೆ ಜೀವ ಇರೋದಿಲ್ಲ" ಎಂದು ಮೇಲಿನ ಸಾಲಿನ ಬಲತುದಿಯ ಎರಡು ಚುಕ್ಕಿ ತುಂಬಿದಳು. ಎರಡು ಮತ್ತು ಒಂದು, ಮೂರು. ಹಾಗೆ ಸಿಕ್ಕಿತು ಮೊದಲ ಸಂಖ್ಯೆ. ಉಳಿದವನ್ನು ನಾನೇ ಕೂಡಿಸಿ ಲೆಕ್ಕದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 3, 126, 0, 36, 66, 66, 60, 0.

ಮರುವಾರ ನನ್ನ ಸರದಿ ಬಂತು. 10ನೇ ಸಾಲಿನಲ್ಲಿ ಅಕ್ಷರದ ಸಂಖ್ಯೆಗಳು, 20ನೇ ಸಾಲಿನಲ್ಲಿ ಅದನ್ನು ತೋರಿಸು ಎಂಬ ಅಪ್ಪಣೆ. ‘ರನ್’ ಎಂದೆ. ನನ್ನ ‘ರ’ ಬರಲಿಲ್ಲ. ಮತ್ತೆ ಎಂದೆ. ಇಲ್ಲ. ಮೇಷ್ಟ್ರು ಗೈಡಿನ ಪುಟ ತಿರುವಿ ತಿರುವಿ ಕೊನೆಗೆ ಹಣೆ ಒತ್ತಿಕೊಂಡರು. ಸ್ವಿಚ್ ಹಾಕಿದಾಗ ಆ ಕಂಪ್ಯೂಟರ್ ಏಳುವುದು ಮೋಡ್ 7ರಲ್ಲಿ. ಅಲ್ಲಿ ಅಕ್ಷರಗಳ ಆಕಾರ ಬೇರೊಂದು ಚಿಪ್ಪಿನೊಳಗೆ ಅಚ್ಚಾಗಿ ಕೂತಿರುತ್ತದೆ, ಬದಲಿಸಲು ಬರುವುದಿಲ್ಲ. ಅದರಿಂದಲೇ ಆ ಮೋಡಿಗೆ 1 ಕೆಬಿ ಮೆಮೊರಿ ಸಾಕು. ನಮ್ಮ ಅಕ್ಷರ ಕಾಣಬೇಕಾದರೆ ಮೋಡ್ 4ರಂಥದ್ದಕ್ಕೆ ಹೋಗಬೇಕು. ಅಲ್ಲಿ ಪರದೆಯ ಪ್ರತಿ ಚುಕ್ಕಿಗೂ ಮೆಮೊರಿಯಲ್ಲಿ ಜಾಗ ಉಂಟು, ಅದಕ್ಕೆ 10 ಕೆಬಿ ಬೇಕು.

"ಮೊದಲಿಗೆ ಒಂದು ಸಾಲು ಸೇರಿಸು. 5, ಮೋಡ್ 4" ಎಂದರು ಮೇಷ್ಟ್ರು. "ನಂಬರು ಹತ್ತು, ಇಪ್ಪತ್ತು ಅಂತ ಕೊಡೋದು ಯಾಕೆ ಗೊತ್ತಾಯ್ತಾ? ಮರೆತದ್ದನ್ನು ಆಮೇಲೆ ಸೇರಿಸಬೇಕಾದೀತು ಅಂತ ಜಾಗ ಬಿಡೋದು."

ಪೆನ್ಸಿಲಿನಲ್ಲಿ 10ರ ಮೇಲೆ 5 ಎಂದು ಬರೆದುಕೊಂಡೆ. ಕೀಬೋರ್ಡಿನ ಮೇಲೆ ಬೆರಳಿಟ್ಟೆ. ಕರೆಂಟು ಹೋಯಿತು.

ಮೆಮೊರಿಯಲ್ಲಿದ್ದದ್ದು ಕರೆಂಟಿನ ಜೊತೆಗೇ ಹೋಗುತ್ತದೆ. ಕ್ಯಾಸೆಟ್ಟಿಗೆ ಇಳಿಸಿಟ್ಟಿರಲಿಲ್ಲ. ಆಮೇಲೆ ಪರೀಕ್ಷೆ ಬಂತು, ರಜೆ ಬಂತು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಎಂದು ನಮ್ಮನ್ನು ಆ ಕೋಣೆಗೆ ಬಿಡಲಿಲ್ಲ. ಆ ಹಾಳೆಯನ್ನು ಅಮ್ಮ ಟ್ರಂಕಿನಲ್ಲಿ ತೆಗೆದಿಟ್ಟಳು.

ಇಷ್ಟು ಹೇಳುವಷ್ಟರಲ್ಲಿ ಒಲೆಯ ಮೇಲಿನ ಹಂಡೆಯ ನೀರು ಮರಳುತ್ತಿತ್ತು. "ಮತ್ತೆ ಈ ಕಂಪ್ಯೂಟರ್ ಎಲ್ಲಿ ಸಿಕ್ತು?" ಎಂದಳು ಹುಡುಗಿ.

ಸಿಕ್ಕಿದ್ದು 2018ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಗಲ್ಲಿಯ ಒಂದು ಗುಜರಿ ಅಂಗಡಿಯಲ್ಲಿ. ಕೆಟ್ಟ ಪ್ರಿಂಟರುಗಳ ರಾಶಿಯ ಕೆಳಗೆ ಒಂದು ಮಾಸಲು ಮೂಲೆ ಕಂಡಿತು. ಎಳೆದು ನೋಡಿದರೆ ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಕೀಗಳು, ಅದರಾಚೆ ಚುಕ್ಕಿಗಳಲ್ಲಿ ಬಿಡಿಸಿದ ಒಂದು ಗೂಬೆ. ಮೂವತ್ತೆರಡು ವರ್ಷದ ಮೇಲೆ ಕಂಡರೂ ಕೈಗೆ ಗುರುತು ಸಿಕ್ಕಿತು. ಅಂಗಡಿಯವರು ಕೇಳಿದ 1,800 ರೂಪಾಯಿಗೆ ಚೌಕಾಸಿ ಮಾಡಲಿಲ್ಲ.

ಹಳೆಯ ಯಂತ್ರ ಮನೆಗೆ ಬಂದ ಕೂಡಲೇ ಪ್ಲಗ್ಗಿಗೆ ಸಿಕ್ಕಿಸಿ ನೋಡೋಣ ಎಂದು ಕೈ ತವಕಿಸುತ್ತದೆ. ಅದನ್ನು ತಡೆಯುವುದೇ ಮೊದಲ ಪಾಠ. ಬಹಳ ವರ್ಷ ಉಪವಾಸ ಇದ್ದವನಿಗೆ ಮೊದಲು ಗಂಜಿ ಕೊಡಬೇಕು, ಹಬ್ಬದೂಟ ಬಡಿಸಬಾರದು. ನಮ್ಮ ಬೀದಿಯಲ್ಲಿ ಟೀವಿ ರಿಪೇರಿಯ ಹಿರಿಯರೊಬ್ಬರಿದ್ದರು. ಅವರ ಅಂಗಡಿಗೆ ಒಯ್ದೆ. ಅವರು ತಿರುಗಿಸಿ ನೋಡಿ, "ಬಿಚ್ಚೋಕೆ ದಾರಿ ಅವರೇ ಬರೆದಿದ್ದಾರೆ ನೋಡಿ ಸಾರ್" ಎಂದರು. ಹಿಂದೆ ಎರಡು, ತಳದಲ್ಲಿ ಎರಡು ಸ್ಕ್ರೂ. ಅವುಗಳ ಪಕ್ಕದಲ್ಲೇ ‘ಫಿಕ್ಸ್’ ಎಂಬ ಗುರುತು. ನಾಲ್ಕು ತಿರುಗಿಸಿದರೆ ಮೇಲಿನ ಹೊದಿಕೆ ಪೂರ್ತಿ ಕೈಗೆ ಬರುತ್ತದೆ. ತೆರೆದು ನೋಡಬೇಕೆಂದು ಆಸೆಪಡುವವರಿಗೆ ಬಾಗಿಲು ತೋರಿಸಿಯೇ ಮಾಡಿದ ಯಂತ್ರ ಅದು.

ಒಳಗೆ ಧೂಳು, ಜೇಡರ ಬಲೆ, ಎರಡು ಜಿರಳೆ ಮೊಟ್ಟೆ. ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿ, ಎಡಗಡೆಯಲ್ಲಿದ್ದ ಪವರ್ ಸಪ್ಲೈ ಡಬ್ಬಿಯನ್ನು ಹೊರತೆಗೆದೆವು. ಅದರ ಮುಚ್ಚಳಕ್ಕೆ ನನ್ನ ಕೈ ಹೋದಾಗ ಹಿರಿಯರು ತಡೆದರು. ವೈರು ಕಿತ್ತರೂ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು. ಆ ಡಬ್ಬಿ ಕೆಲಸ ಗೊತ್ತಿದ್ದವರಿಗೇ ಬಿಡಬೇಕಾದದ್ದು. ಅವರೇ ಅದನ್ನು ಖಾಲಿ ಮಾಡಿ, ಮೀಟರಿಟ್ಟು ನೋಡಿ, ಆಮೇಲೆ ಒಂದು ಹಳದಿ ಬಿಲ್ಲೆಯನ್ನು ತೋರಿಸಿದರು. ಪಾರದರ್ಶಕ ಮೈಯ ತುಂಬ ಬಿರುಕು, ಬೇಸಿಗೆಯಲ್ಲಿ ಒಡೆದ ಕೆರೆಯಂಗಳದ ಹಾಗೆ. ಮುಖ್ಯ ಕರೆಂಟಿನ ಅಡ್ಡಕ್ಕೆ ಕೂತು ಗದ್ದಲ ಸೋಸುವ ಕಾಗದದ ಕೆಪಾಸಿಟರ್ ಅದು. ವಯಸ್ಸಾದಂತೆ ಮೇಲ್ಮೈ ಬಿರಿದು ಗಾಳಿಯ ತೇವ ಒಳಗಿನ ಕಾಗದಕ್ಕೆ ಇಳಿಯುತ್ತದೆ. ಅಂಥ ಸ್ಥಿತಿಯಲ್ಲಿ ಕರೆಂಟು ಕೊಟ್ಟರೆ ಒಡೆದು ಮನೆ ತುಂಬ ಗಬ್ಬುಹೊಗೆ. ಆ ಕಾಲದ ಎಷ್ಟೋ ಯಂತ್ರಗಳಲ್ಲಿ ಇದೇ ಕತೆ. ಹೊಸ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೆಲವೇ ರೂಪಾಯಿಗೆ ಸಿಕ್ಕಿತು. ಅವರು ಬೆಸುಗೆ ಹಾಕಿ, ಬೋರ್ಡಿಗೆ ಜೋಡಿಸುವ ಮೊದಲು ಮೀಟರ್ ಹಿಡಿದರು. 5 ವೋಲ್ಟ್ ಸರಿಯಾಗಿ ಬರುತ್ತಿತ್ತು.

ಟೀವಿಗೆ ಜೋಡಿಸುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಂಪ್ಯೂಟರಿನ ಹಿಂದೆ ಬಿಎನ್‌ಸಿ ಎಂಬ ತಿರುಗಿಸಿ ಕೂರಿಸುವ ಸಾಕೆಟ್ ಇದೆ. ಇವತ್ತು ಸಿಸಿ ಕ್ಯಾಮೆರಾ ಹಾಕುವವರು ಬಳಸುವುದೂ ಅದನ್ನೇ. ಅವರ ಅಂಗಡಿಯಿಂದ ಒಂದು ಪಿನ್ ತಂದರೆ ಟೀವಿಯ ಹಳದಿ ಎವಿ ಸಾಕೆಟ್ಟಿಗೆ ದಾರಿಯಾಯಿತು. ಇಂಗ್ಲೆಂಡಿನದೂ ನಮ್ಮದೂ ಒಂದೇ ಪಾಲ್ ಪದ್ಧತಿಯಾದ್ದರಿಂದ ಟೀವಿ ತಕರಾರು ಮಾಡಲಿಲ್ಲ.

ಸ್ವಿಚ್ ಒತ್ತಿದೆ. "ಬೂಊಊ..." ಎಂಬ ಒಂದೇ ಸ್ವರ, ನಿಲ್ಲಲೇ ಇಲ್ಲ. ಪರದೆ ಖಾಲಿ. ತಕ್ಷಣ ಆರಿಸಿದೆ. ಎದೆ ಕುಸಿಯಿತು. ಆದರೆ ಆ ಯಂತ್ರ ತನ್ನ ನೋವನ್ನು ಸ್ವರದಲ್ಲೇ ಹೇಳುತ್ತದೆ. ಕರೆಂಟು ಬಂದಾಗ ಧ್ವನಿಯ ಚಿಪ್ ತಾನಾಗಿಯೇ ಕೂಗತೊಡಗುತ್ತದೆ. ಪ್ರೊಸೆಸರ್ ಎದ್ದು ಅದನ್ನು ಸುಮ್ಮನಾಗಿಸಿ, ತಾನು ಸರಿಯಿದ್ದೇನೆಂದು ಒಂದು ‘ಪಿಪ್’ ಕೊಡಬೇಕು. ಕೂಗು ನಿಲ್ಲಲಿಲ್ಲವೆಂದರೆ ಒಳಗಿನವರು ಎದ್ದಿಲ್ಲ ಎಂದರ್ಥ. ಹಿರಿಯರು ಸಾಕೆಟ್ಟಿನಲ್ಲಿ ಕೂತ ಚಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ, ಕಪ್ಪಾಗಿದ್ದ ಕಾಲುಗಳನ್ನು ಒರೆಸಿ, ಮತ್ತೆ ಅವವುಗಳ ಜಾಗದಲ್ಲೇ ಒತ್ತಿ ಕೂರಿಸಿದರು. ಒಂದು ಗಂಟೆ ಹಿಡಿಯಿತು. "ಈಗ ಹಾಕಿ ಸಾರ್."

"ಬೂ... ಪಿಪ್!"

ಶಾಲೆಯ ಆ ಕೋಣೆ, ಪರದೆ ಬಟ್ಟೆಯ ವಾಸನೆ, ಹೊರಗೆ ಬಿಟ್ಟ ಚಪ್ಪಲಿಗಳ ಸಾಲು, ಎಲ್ಲ ಆ ಒಂದು ಸದ್ದಿನಲ್ಲಿ ಎದ್ದು ಬಂದವು. ಕಪ್ಪು ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’, ಅದರ ಕೆಳಗೆ ‘ಬೇಸಿಕ್’, ಅದಕ್ಕೂ ಕೆಳಗೆ ಬಾಣದ ಮೊನೆಯಂಥ ಗುರುತು, ಮಿನುಗುವ ಒಂದು ಗೆರೆ. ಮುಂದೇನು ಎಂದು ಅದು ಹೇಳುವುದಿಲ್ಲ. ನೀನು ಹೇಳು ಎಂದು ಕಾಯುತ್ತದೆ.

ಆಮೇಲಿನ ತಿಂಗಳುಗಳಲ್ಲಿ ಒಂದೊಂದೇ ಕಲಿತೆ. ಎಲ್ಲಕ್ಕಿಂತ ಮೊದಲು ಕಲಿತದ್ದು ಉಳಿಸಿಡುವುದನ್ನು. ಏಳು ಪಿನ್ನಿನ ಸಾಕೆಟ್ಟಿಗೆ ವೈರು ಮಾಡಿಸಿ ಒಂದು ಹಳೆಯ ಟೇಪ್‌ರೆಕಾರ್ಡರ್ ಜೋಡಿಸಿದೆ. ‘ಸೇವ್’ ಎಂದರೆ ಒಳಗಿನ ರಿಲೇ ‘ಟಿಕ್’ ಎನ್ನುತ್ತದೆ, ಟೇಪು ತಿರುಗುತ್ತದೆ, ಬರೆದದ್ದೆಲ್ಲ ಸೆಕೆಂಡಿಗೆ 1200 ಬಿಟ್ಟಿನಂತೆ ಸ್ವರವಾಗಿ ಇಳಿಯುತ್ತದೆ. ವಾಪಸು ಓದಿಸುವಾಗ ವಾಲ್ಯೂಮ್ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ‘ಡೇಟಾ?’ ಎಂದು ಕೇಳಿ, ಟೇಪನ್ನು ಹಿಂದಕ್ಕೆ ತಿರುಗಿಸು ಎನ್ನುತ್ತದೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಗುಂಡಿಯ ಮೇಲೆ ಸುಣ್ಣದಲ್ಲಿ ಗುರುತು ಮಾಡಿಕೊಂಡೆ.

ಮಗ್ಗಿ ಬರೆಸಿದೆ, ವೃತ್ತ ಬಿಡಿಸಿದೆ. ‘ರ’ ಮಾತ್ರ ಬರೆಯಲಿಲ್ಲ. ಚುಕ್ಕಿ ಇಟ್ಟವಳು ಊರಿನಲ್ಲಿದ್ದಳು.

"ಅಷ್ಟು ಹಳೇದರಿಂದ ಈಗೇನು ಉಪಯೋಗ ಮಾವ?" ಎಂದಳು ಹುಡುಗಿ, ಫೋನಿನ ಟಾರ್ಚನ್ನು ನನ್ನ ಮುಖಕ್ಕೆ ಹಿಡಿದು.

"ನಿನ್ನ ಕೈಯಲ್ಲಿರೋದು ಅದರ ಮೊಮ್ಮಗು ಕಣೇ" ಎಂದೆ. ಬಿಬಿಸಿ ಮೈಕ್ರೋ ರೂಪಿಸಿದವರಲ್ಲಿ ಇಬ್ಬರು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಮುಂದಿನ ಯಂತ್ರಕ್ಕೆ ಹೊಸ ಪ್ರೊಸೆಸರ್ ಬೇಕೆಂದಾಗ ಅವರೇ ಅದನ್ನು ವಿನ್ಯಾಸ ಮಾಡಿದರು. ಅದು ಹೇಗೆ ನಡೆದೀತೆಂದು ವಿಲ್ಸನ್ ಮೊದಲು ಬರೆದು ನೋಡಿದ್ದು ಇದೇ ಬೇಸಿಕ್ ಭಾಷೆಯಲ್ಲಿ. 1985ರ ಏಪ್ರಿಲ್ 26ರಂದು ಮೊದಲ ಚಿಪ್ ಕೆಲಸ ಮಾಡಿತು. ಅದರ ಹೆಸರು ಆರ್ಮ್. ಅದರ ಸಂತತಿಯೇ ಇವತ್ತು ಹೆಚ್ಚುಕಡಿಮೆ ಪ್ರತಿಯೊಂದು ಮೊಬೈಲಿನಲ್ಲೂ ಇದೆ. ಅವಳು ಟಾರ್ಚು ಆರಿಸಿ ಫೋನನ್ನು ತಿರುಗಿಸಿ ನೋಡಿದಳು.

ಅಷ್ಟರಲ್ಲಿ ಅಡುಗೆಮನೆಯ ಬಲ್ಬು ಹೊತ್ತಿತು.

ಎಲ್ಲರೂ ಎದ್ದೆವು. "ಬೂ... ಪಿಪ್." ಮೆಮೊರಿ ಖಾಲಿ, 1986ರಂತೆಯೇ. ಆದರೆ ಈ ಸಲ ‘ರನ್’ ಎನ್ನುವ ಮೊದಲೇ ಕ್ಯಾಸೆಟ್ಟಿಗೆ ಇಳಿಸಿದ್ದೆ. ಟೇಪು ಹಿಂದಕ್ಕೆ ತಿರುಗಿಸಿ, ಓದಿ ನಡೆಸು ಎಂದು ಟೈಪ್ ಮಾಡಿ, ಪ್ಲೇ ಒತ್ತಿದೆ. ಒಂದು ಉದ್ದನೆಯ ಸಿಳ್ಳೆ, ಆಮೇಲೆ ಒಂದು ಕ್ಷಣ ಜೀರುಂಡೆಯಂಥ ಸದ್ದು. ಪರದೆ ಒಮ್ಮೆ ಖಾಲಿಯಾಯಿತು. ಅದು ಐದನೇ ನಂಬರಿನ ಸಾಲು. ಮೇಲಿನ ಎಡಮೂಲೆಯಲ್ಲಿ, ಹೆಸರುಕಾಳಿನಷ್ಟು ಚಿಕ್ಕದಾಗಿ, ಬೆಳ್ಳಗೆ, ‘ರ’.

ಅಮ್ಮ ಕನ್ನಡಕ ಹಾಕಿಕೊಂಡು ಟೀವಿಯ ಹತ್ತಿರಕ್ಕೆ ಹೋದಳು. ಬೆರಳನ್ನು ಗಾಜಿಗೆ ತಾಗಿಸದೆ, ತಲೆಕಟ್ಟಿನ ಮೇಲಿಂದ ಎಳೆದು ತುದಿಯಲ್ಲಿ ನಿಲ್ಲಿಸಿದಳು.

"ಎದ್ದಿದೆ" ಎಂದಳು.