ಮಳೆಗಾಲದೊಳಗೆ ಜೀಪು ಎದ್ದೇಳಬೇಕು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಿಗೆ ಹೋದವರಿಗೆ ಗೊತ್ತು. ಅಂಗಳದಲ್ಲಿ ಕಾರು ಇರಲಿ ಬಿಡಲಿ, ಕೊಟ್ಟಿಗೆ ಪಕ್ಕ ಒಂದು ಹಳೇ ಜೀಪು ಇರುವುದು ಸಾಮಾನ್ಯ. ಅದು ಷೋಕಿಗಲ್ಲ. ಟಾರು ರಸ್ತೆ ಮುಗಿದ ಮೇಲೂ ಮನೆ ಇನ್ನೂ ಎರಡು ಮೂರು ಕಿಲೋಮೀಟರ್ ಒಳಗೆ ಇರುತ್ತದಲ್ಲ, ಅದಕ್ಕೆ. ಕೊಡಚಾದ್ರಿ ಹತ್ತುವಾಗ ಜೀಪಿನ ಕಂಬಿ ಹಿಡಿದು ಕೂತಿದ್ದು ನಿಮಗೆ ನೆನಪಿದ್ದರೆ, ನಮ್ಮ ಮನೆ ದಾರಿ ಅದರ ತಮ್ಮ ಅಂದುಕೊಳ್ಳಿ.

ನಮ್ಮದು ಹೊಸನಗರ ತಾಲ್ಲೂಕಿನ ನಗರದ ಹತ್ತಿರ. ಜೀಪು ಮಹೀಂದ್ರ ಎಂಎಂ 540. ಅದರಲ್ಲಿದ್ದದ್ದು ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್. ಎರಡು ಸಲ ಬೋರ್ ಮಾಡಿಸಿ ಆಗಿತ್ತು. ಹೋದ ಮಳೆಗಾಲದಲ್ಲಿ ಡೀಸೆಲ್‌ಗಿಂತ ಆಯಿಲ್ಲೇ ಹೆಚ್ಚು ಕುಡಿಯಿತು. ಬೆಳಿಗ್ಗೆ ಹೀಟರ್ ಹಾಕಿ ಎಷ್ಟು ಕಾದರೂ ಸ್ಟಾರ್ಟ್ ಇಲ್ಲ, ಇಳಿಜಾರಿನಲ್ಲಿ ನೂಕಬೇಕು.

"ಮಾರಿಬಿಡಾಣ" ಅಂದ್ರು ಅಪ್ಪಯ್ಯ. ಅಮ್ಮ ಒಪ್ಪಲಿಲ್ಲ. ಅದೇ ದಾರಿಯಲ್ಲಿ ಇನ್ನೂ ಐದು ಮನೆಗಳಿವೆ. ಆಂಬುಲೆನ್ಸ್ ಬರೋದು ಟಾರು ರಸ್ತೆ ತುದಿವರೆಗೆ ಮಾತ್ರ. ಅಲ್ಲಿಂದ ಒಳಗೆ ಹೆರಿಗೆ ನೋವಿಗೂ ಈ ಜೀಪೇ, ಎದೆನೋವಿಗೂ ಈ ಜೀಪೇ. ಹಾಗಾಗಿ ಎಂಜಿನ್ನನ್ನೇ ಬದಲಿಸೋದು ಅಂತ ತೀರ್ಮಾನವಾಯ್ತು.

ನಾನಿರೋದು ಬೆಂಗಳೂರಲ್ಲಿ. ಕೈಗೆ ಸಿಗೋದು ಶನಿವಾರ, ಭಾನುವಾರ ಅಷ್ಟೆ. ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣ.

ಮೊದಲ ಎರಡು ವಾರ ಎಂಜಿನ್ ಹುಡುಕಾಟದಲ್ಲೇ ಹೋಯ್ತು. ಕೊನೆಗೆ ತೀರ್ಥಹಳ್ಳಿಯಲ್ಲಿ ಸಿಕ್ಕಿತು: ಗುಜರಿಗೆ ಹೋದ ಪಿಕಪ್ ಒಂದರ 2523 ಸಿಸಿ ಡಿಐ ಎಂಜಿನ್. ಇದೂ ಮಹೀಂದ್ರದ್ದೇ. ಹಳೇ ಎಂಜಿನ್ನಿನಲ್ಲಿ ಡೀಸೆಲ್ ಮೊದಲು ಒಂದು ಸಣ್ಣ ಕೋಣೆಯಲ್ಲಿ ಉರಿದು ಆಮೇಲೆ ಸಿಲಿಂಡರಿಗೆ ಬರುತ್ತದೆ, ಅದಕ್ಕೇ ಚಳಿಯಲ್ಲಿ ಹೀಟರ್ ಬೇಕು. ಡಿಐನಲ್ಲಿ ನೇರ ಪಿಸ್ಟನ್ ತಲೆಯ ಮೇಲೇ ಸಿಂಪಡಣೆ. ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಕಡಿಮೆ ವೇಗದಲ್ಲೇ ಒಳ್ಳೇ ಎಳೆತ. ಬದಲಿಗೆ ಸದ್ದು, ನಡುಕ ಜಾಸ್ತಿ. ಕೆಸರಿನ ಏರಿಗೆ ಎಳೆತವೇ ಮುಖ್ಯ, ಸದ್ದಿಗೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ.

ಸಣ್ಣ ಗೂಡ್ಸ್ ಗಾಡಿಯಲ್ಲಿ ಅದನ್ನು ಹೇರಿಕೊಂಡು ಕವಲೇದುರ್ಗದ ತಿರುವು, ಯಡೂರು, ಮಾಸ್ತಿಕಟ್ಟೆ ದಾಟಿ ನಗರಕ್ಕೆ ಬಂದೆವು. ಕೆಳದಿ ಅರಸರು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿ ಸರಿಸಿದರು. 1763ರಲ್ಲಿ ಹೈದರಾಲಿ ಗೆದ್ದ ಆ ಬಿದನೂರೇ ಇವತ್ತಿನ ನಗರ. ಕೆಳದಿ, ಇಕ್ಕೇರಿ ಇರೋದು ಸಾಗರ ತಾಲ್ಲೂಕಿನಲ್ಲಿ, ಕವಲೇದುರ್ಗ ತೀರ್ಥಹಳ್ಳಿಯದು. ಅವರ ರಾಜ್ಯದ ನಡುಭಾಗ ಪೂರ್ತಿ ನಾನು ನಟ್ಟು ಬೋಲ್ಟು ಹುಡುಕಿಕೊಂಡು ಸುತ್ತಿದ ಹಾಗಾಯ್ತು.

ಸಾಗರ ಅಂದರೆ ಹೊರಗಿನವರಿಗೆ ಗುಡಿಗಾರರ ಶ್ರೀಗಂಧದ ಕೆತ್ತನೆ, ಜೋಗದ ದಾರಿ. ನನಗೀಗ ಸಾಗರ ಅಂದರೆ ಲೇತ್ ಅಂಗಡಿ. ಎಂಜಿನ್ನಿನ ಕ್ರ್ಯಾಂಕ್ ಮತ್ತು ಗೇರ್‌ಬಾಕ್ಸಿನ ಶಾಫ್ಟ್ ಒಂದೇ ಗೆರೆಯಲ್ಲಿ ಕೂರಬೇಕು. ಕೂದಲೆಳೆ ಆಚೀಚೆಯಾದರೂ ಕ್ಲಚ್ಚು, ಬೇರಿಂಗು ಬೇಗ ಹೋಗುತ್ತವೆ. ಲೇತ್‌ನವರು ಅಳತೆ ಮೂರು ಸಲ ನೋಡಿ ಬುಷ್ ಕಡೆದರು. "ಅವಸರ ಇದ್ರೆ ಬೇರೆ ಕಡೆ ಹೋಗಿ ಮಾರಾಯ್ರೇ" ಅಂತ ನಗುತ್ತಲೇ ಹೇಳಿದರು. ಮೌಂಟಿಂಗ್ ಬ್ರಾಕೆಟ್ಟುಗಳನ್ನೂ ಅವರೇ ಬೆಸುಗೆ ಹಾಕಿಕೊಟ್ಟರು.

ಐದನೇ ವಾರ ಹಲಸಿನ ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಹಳೇದನ್ನು ಇಳಿಸಿ, ಹೊಸದನ್ನು ಏರಿಸಿದೆವು. ಐದೂ ಮನೆಯಿಂದ ಜನ ಬಂದಿದ್ದರು. ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನೊಳಗೆ ಹೊಗಲು ಮಧ್ಯಾಹ್ನವಿಡೀ ಹಿಡಿಯಿತು. ಮೇಸ್ತ್ರಿ "ಸ್ವಲ್ಪ ಎಡಕ್ಕೆ... ಬೇಡ, ಬಲಕ್ಕೆ" ಅನ್ನುತ್ತಿದ್ದರೆ ಅಪ್ಪಯ್ಯ ಸರಪಳಿ ಹಿಡಿದೇ ನಿಂತಿದ್ದರು. ಮಾರುವ ಮಾತು ಆಮೇಲೆ ಅವರ ಬಾಯಲ್ಲಿ ಬಂದಿಲ್ಲ.

ಕಾಗದದ ಕೆಲಸವೂ ಅಷ್ಟೇ ಮುಖ್ಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ವಾಹನದಲ್ಲಿ ಇಂಥ ಬದಲಾವಣೆಗೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಸೇರಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ಇನ್ಶೂರೆನ್ಸ್‌ನವರು ಮೊದಲು ಕೇಳೋದೇ ಅದನ್ನು. ಆದ್ದರಿಂದ ಎಂಜಿನ್ ಕೊಳ್ಳುವಾಗಲೇ ಬಿಲ್ಲು, ಅದು ಯಾವ ಗಾಡಿಯದು ಎಂಬ ದಾಖಲೆ ಎರಡನ್ನೂ ಕೈಗೆ ತಗೊಂಡೆ. ನಮ್ಮದು ಕೆಎ 15 ಗಾಡಿ, ಅರ್ಜಿ ಹೋಗಿರೋದು ಸಾಗರಕ್ಕೆ. ನೀವೂ ಇಂಥ ಕೆಲಸಕ್ಕೆ ಇಳಿಯುವುದಾದರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಹೋದ ಭಾನುವಾರ ಸಂಜೆ ಮೊದಲ ಸಲ ಸ್ಟಾರ್ಟ್ ಮಾಡಿದೆವು. ನಾಲ್ಕು ಸುತ್ತಿಗೆ ಹತ್ತಿತು. ಬಾನೆಟ್ಟು ಗಡಗಡ ನಡುಗಿತು, ಕೊಟ್ಟಿಗೆಯ ದನ ಎದ್ದು ನಿಂತವು. ಇನ್ನು ಸೈಲೆನ್ಸರ್ ಪೈಪು, ರೇಡಿಯೇಟರ್ ಹೋಸು, ವೈರಿಂಗ್ ಬಾಕಿ. ಆರ್‌ಸಿ ಆಗುವವರೆಗೆ ಅಂಗಳ ಬಿಟ್ಟು ಹೊರಗೆ ತೆಗೆಯುವಂತಿಲ್ಲ. ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಮೈಲುತುತ್ತು, ಸುಣ್ಣ ಬರಬೇಕು, ಅದಕ್ಕೂ ಮೊದಲು ಇದು ಮುಗಿಯಬೇಕು. ಮೊನ್ನೆ ಫೋನಿನಲ್ಲಿ ಅಪ್ಪಯ್ಯ ಹೇಳಿದ್ದು ಇಷ್ಟೆ: "ಕೊಡಚಾದ್ರಿ ಮೇಲೆ ಮೋಡ ಕಟ್ಟಕ್ಕೆ ಶುರುವಾಯ್ತು. ಈ ಸಲ ಬರೋವಾಗ ಹೋಸ್ ಕ್ಲಿಪ್ಪು ಮರೀಬೇಡ."